ಅವಳಿಗೆ ಮದುವೆ ಬೇಡವಾಗಿತ್ತು

ಲಾಸ್ ಆಲ್ಟೋಸ್
ನವೆಂಬರ್ 9, 2025

ಪ್ರೀತಿಯ ಭಾವನಾ,

ನಿನ್ನ ಅಕ್ಕನ ಆಶೀರ್ವಾದ. ದೀಪಾವಳಿಗೆ ನೀನು ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಬೇಜಾರು ಮಾಡಿಕೊಂಡಿರುತ್ತೀಯ. ನಿನ್ನ ದನಿ ಕೇಳಿದರೆ ನನ್ನ ಸಿಟ್ಟು ಕರಗಿಬಿಡುತ್ತದೆ, ಅದಕ್ಕೇ ಕಾಗದ ಹಿಡಿದು ಕೂತೆ. ಇಲ್ಲಿ ಎಲ್ಲರೂ ಆರೋಗ್ಯ. ನಿನ್ನ ಭಾವ ಅರವಿಂದರ ಬೆನ್ನುನೋವು ಹಾಗೇ ಇದೆ. ಮಗಳು ನಿಹಾರಿಕಾ ಡ್ರೈವಿಂಗ್ ಟೆಸ್ಟ್ ಪಾಸಾದಳು. ಅವಳು ಫ್ರೀವೇ ಹತ್ತಿದರೆ ನನ್ನ ಜೀವ ಬಾಯಿಗೆ ಬರುತ್ತದೆ. ಅಮ್ಮನ ಮಂಡಿಯ ಎಣ್ಣೆ ಮುಗಿದಿರಬೇಕು, ತಂದುಕೊಡು.

ಕಳೆದ ತಿಂಗಳು ನನ್ನ ಗೆಳತಿ ವಿಜಯಶ್ರೀ ಬೆಂಗಳೂರಿನಿಂದ ವಾಪಸು ಬಂದಳು. ಡ್ಯಾನ್‌ವಿಲ್‌ನಿಂದ ಇಷ್ಟು ದೂರ ಕಾರು ಓಡಿಸಿಕೊಂಡು ಬಂದು, "ನಿನ್ ತಂಗಿ ಫೇಮಸ್ ಆಗ್ಬಿಟ್ಟಿದ್ದಾಳೆ ಕಣೇ ಪದ್ಮಾ, ನೀನು ಒಂದ್ ಮಾತೂ ಹೇಳ್ಲಿಲ್ವಲ್ಲ!" ಎಂದು ನಿನ್ನ ಪುಸ್ತಕವನ್ನು ಕೈಗಿಟ್ಟಳು. ನೀನು ನನಗೆ ಕಳಿಸದ ಪುಸ್ತಕ. ಮುಖಪುಟದಲ್ಲಿ ಮಲ್ಪೆಯ ಬಂದರು, ದೋಣಿಗೆ ಹೆಸರು ಬರೆಯುತ್ತಿರುವ ಹುಡುಗಿ, ಕೆಳಗೆ 'ಕಥೆ, ಚಿತ್ರ: ಭಾವನಾ'. ಪೇಪರಿನಲ್ಲಿ ಬಂದ ನಿನ್ನ ಸಂದರ್ಶನವನ್ನೂ ಅವಳು ಕತ್ತರಿಸಿ ತಂದಿದ್ದಳು. 'ಈ ಹುಡುಗಿ ನನ್ನ ಕನಸಿನಲ್ಲಿ ಬಂದಳು' ಎಂದು ಹೇಳಿದ್ದೀಯ.

ಅವಳು ಎಲ್ಲಿಂದ ಬಂದಳೆಂಬುದನ್ನು ನೀನು ಮರೆತಂತಿದೆ. ಅದಕ್ಕೇ ಮತ್ತೆ ಬರೆಯುತ್ತೇನೆ.

ಸುಮಿಯೆ ಇಸೋಗಾಯಿ ಹದಿನೇಳನೇ ವಯಸ್ಸಿಗೆ ಮೀನುಗಾರರ ಊರು ಬಿಟ್ಟು ಟೋಕಿಯೋಗೆ ಹೋದವರು. ಹುಡುಗಿಯರ ಮಾಸಪತ್ರಿಕೆಯೊಂದರ ಸ್ಪರ್ಧೆ ಗೆದ್ದು, ತಿಂಗಳಿಗೆ ನಲವತ್ತು ಪುಟ ಕಾಮಿಕ್ಸ್ ಬರೆದವರು. ಓದುಗ ಹುಡುಗಿಯರ ಕಾಗದಗಳನ್ನು ದಿಂಬಿನ ಚೀಲದಲ್ಲಿ ತುಂಬಿ ಅದರ ಮೇಲೇ ಮಲಗುತ್ತಿದ್ದರಂತೆ. ಇಪ್ಪತ್ತನಾಲ್ಕಕ್ಕೆ ಬಂದರಿನ ಹುಡುಗಿಯ ಧಾರಾವಾಹಿ ಶುರುಮಾಡಿದರು. ಸಂಪಾದಕ, "ಕೊನೆಗೆ ಹಡಗಿನ ಮಾಲೀಕನ ಮಗನ ಜೊತೆ ಮದುವೆ ಮಾಡಿಸು" ಎಂದ. "ಅವಳಿಗೆ ಮದುವೆ ಬೇಡ" ಎಂದರು ಇವರು. ಕಥೆ ಅರ್ಧಕ್ಕೇ ನಿಂತಿತು. ಮುಂದಿನ ವರ್ಷ ಅದೇ ಕಥೆ, ಮದುವೆಯೂ ಸೇರಿ, ಇನ್ನೊಬ್ಬಳ ಹೆಸರಿನಲ್ಲಿ ಬಂತು. ಇವರ ಪಕ್ಕದಲ್ಲೇ ಕೂತು ಅಲೆ ಬಿಡಿಸುವುದನ್ನು ಕಲಿತಿದ್ದ ಸಹಾಯಕಿ ಅವಳು. ಆಮೇಲೆ ಇವರನ್ನು ಯಾವ ಪತ್ರಿಕೆಯೂ ಕರೆಯಲಿಲ್ಲ.

ಮದುವೆಯಾಗಿ ಇಲ್ಲಿಗೆ ಬಂದರು. ಮೂವತ್ತು ವರ್ಷ ಗಿಡ ಮಾರುವ ನರ್ಸರಿಯಲ್ಲಿ ದುಡಿದರು. ಗಂಡ ತೀರಿಕೊಂಡ ಮೇಲೆ ಮತ್ತೆ ಪೆನ್ನು ಹಿಡಿದು, ನಿಂತ ಕಥೆಯನ್ನು ಮೊದಲಿನಿಂದ ಬರೆದು ತಮಗೆ ಬೇಕಾದಂತೆ ಮುಗಿಸಿದರು. ಬಂದರಿನ ಹುಡುಗಿ ಕೊನೆಗೆ ಒಂದು ದೋಣಿಗೆ ತನ್ನದೇ ಹೆಸರು ಬರೆದು ಹೊರಟುಹೋಗುತ್ತಾಳೆ. ನೂರಾ ನಲವತ್ತು ಪುಟ. ಯಾರಿಗೂ ತೋರಿಸಿರಲಿಲ್ಲ. ಬೆರಳು ಸೆಟೆದುಕೊಂಡು ನನ್ನ ಕ್ಲಿನಿಕ್ಕಿಗೆ ಫಿಸಿಯೋಥೆರಪಿಗೆ ಬರತೊಡಗಿದರಲ್ಲ, ಎರಡು ವರ್ಷ ಪ್ರತಿ ಮಂಗಳವಾರ ನಾನು ಆ ಕೈ ನೀವಿದ ಮೇಲೆ ನನಗೆ ತೋರಿಸಿದರು. ನನ್ನ ಮಾತಿನ ಮೇಲೆ ನಿನಗೂ ತೋರಿಸಿದರು.

ಎರಡು ವರ್ಷದ ಹಿಂದೆ ನೀನು ಕೆಲಸವೂ ಹೋಗಿ, ಮಂಕಾಗಿ ನನ್ನ ಮನೆಗೆ ಬಂದವಳು. ಮೂರು ತಿಂಗಳು ಅವರ ಅಡುಗೆಮನೆಯ ಮೇಜಿನಲ್ಲಿ ಕೂತು ಕಲಿತೆ, ಅವರು ಮಾಡಿದ್ದನ್ನು ಉಂಡೆ. "ನನ್ನ ಕೈ ಮುಗಿಯಿತು, ಇವಳದು ಶುರುವಾಗಲಿ" ಎಂದು ನಿಬ್ಬುಗಳ ಡಬ್ಬಿಯನ್ನೇ ಕೊಟ್ಟುಬಿಟ್ಟರು. ಅಭ್ಯಾಸಕ್ಕೆ ಬೇಕು ಎಂದು ನೀನು ಎಲ್ಲ ಪುಟಗಳ ಫೋಟೋ ತೆಗೆದುಕೊಂಡೆ.

ಪುಸ್ತಕವನ್ನು ಅವರಿಗೆ ತೋರಿಸುತ್ತೇನೆ ಎಂದಾಗ ಅರವಿಂದ, "ಅವರಿಗೆ ಕನ್ನಡ ಓದೋಕ್ ಬರಲ್ಲ, ಈ ಬುಕ್ಕು ಇಲ್ಲಿ ಸಿಗೋದೂ ಇಲ್ಲ. ಸುಮ್ನೆ ಯಾಕೆ ಇಶ್ಯೂ ಮಾಡ್ತೀಯಾ? ಒಡಹುಟ್ಟಿದವಳು ಪದ್ಮಾ" ಎಂದರು. ಮೂರು ದಿನ ಕಾರಿನಲ್ಲೇ ಇಟ್ಟುಕೊಂಡು ಓಡಾಡಿದೆ. ಶನಿವಾರ ಹೋದೆ.

ಸುಮಿಯೆಯವರು ಪರ್ಸಿಮನ್ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದರು. ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಪುಸ್ತಕ ತೆಗೆದುಕೊಂಡರು. ಜಪಾನಿ ಪುಸ್ತಕಗಳು ನಮ್ಮ ಕೊನೆಯ ಪುಟದಿಂದ ಶುರುವಾಗುತ್ತವಲ್ಲ, ಹಾಗೇ ತೆರೆದರು. ಮೊದಲು ಕಂಡದ್ದೇ ನೀನು ಬಿಡಿಸಿದ ಚಪ್ಪರ, ಬಾಸಿಂಗ ಕಟ್ಟಿಕೊಂಡ ಹುಡುಗಿ.

"ಇವಳೂ ಮದುವೆ ಮಾಡಿಸಿದಳಾ?" ಎಂದರು.

ಒಂದೊಂದೇ ಪುಟ ತಿರುವುತ್ತ ಮುಖಪುಟಕ್ಕೆ ಬಂದರು. ನಿನ್ನ ಹೆಸರಿನ ಮೇಲೆ ಬೆರಳಿಟ್ಟು, "ಇದು ನನ್ನ ಹೆಸರಾ?" ಎಂದು ಕೇಳಿದರು.

"ಅಲ್ಲ."

"ಒಳಗೆ ಎಲ್ಲಾದರೂ ಇದೆಯಾ?"

"ಎಲ್ಲೂ ಇಲ್ಲ."

ಮತ್ತೆ ಒಳಪುಟ ತೆರೆದು, "ಅಲೆಗಳು ಸರಿಯಾಗಿ ಬಂದಿವೆ. ಚೆನ್ನಾಗಿ ಕಲಿಸಿದ್ದೇನೆ" ಎಂದರು. ನಾನು ವಕೀಲರ ಮಾತೆತ್ತಿದೆ. ಬೇಡವೆಂದು ತಲೆಯಾಡಿಸಿದರು. "ಐವತ್ತು ವರ್ಷದ ಹಿಂದೆ ಒಬ್ಬಳನ್ನು ಯಾಕೆ ಹೀಗೆ ಮಾಡಿದೆ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೇಳುವ ಶಕ್ತಿಯಿಲ್ಲ. ನಿನ್ನ ತಂಗಿ ತಾನಾಗಿ ಬರೆದರೆ ಓದುತ್ತೇನೆ."

ಯುಗಾದಿಗೆ ನಿನ್ನನ್ನು ಇಲ್ಲಿಗೆ ಕರೆಸಿ ಸನ್ಮಾನ ಮಾಡಬೇಕೆಂದು ಕನ್ನಡ ಕೂಟದ ಶಿವರಾಮು ಓಡಾಡುತ್ತಿದ್ದರು. ಬೇಡವೆಂದೆ. "ಏನ್ ಮೇಡಂ, ಸ್ವಂತ ತಂಗಿ ಫಂಕ್ಷನ್ನೇ ಬೇಡ ಅಂತೀರಾ?" ಎಂದರು. ಕಾರಣ ಹೇಳಿದೆ. ಸುಮಿಯೆಯವರನ್ನು ಕೇಳಿ, ಮೂಲ ಪುಟಗಳ ಪ್ರತಿ ಇಟ್ಟು, ನಿನ್ನ ಪ್ರಕಾಶಕರಿಗೂ ನಿನ್ನೆ ಬರೆದಿದ್ದೇನೆ. ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ನಿನ್ನ ಹೆಸರು ಕೆಡಬಹುದು. ಈ ವಿಷಯ ನಿನಗೆ ಬೇರೆ ಯಾರಿಂದಲೋ ಗೊತ್ತಾಗುವ ಮೊದಲು ನನ್ನಿಂದಲೇ ಗೊತ್ತಾಗಲಿ.

ನಿನ್ನ ಕೈಯಲ್ಲಿ ಕಲೆಯಿದೆ, ಭಾವನಾ. ಅದೇ ನನ್ನ ಸಂಕಟ. ಕದಿಯದೆಯೂ ಬರೆಯಬಲ್ಲವಳು ನೀನು. ಅವರಿಗೆ ಒಂದು ಕಾಗದ ಬರೆ. ಒಳ್ಳೆಯದಾಗಲಿ, ನಿನ್ನದೇ ಆದದ್ದೊಂದು ನಿನಗೆ ಹೊಳೆಯಲಿ.

ಇತಿ,
ನಿನ್ನ ಅಕ್ಕ
ಪದ್ಮಜಾ

ತಾ.ಕ.: ಹೋದ ವರ್ಷ ಏಪ್ರಿಲ್‌ನಲ್ಲಿ ನೀನು ವಾಟ್ಸಪ್ಪಿನಲ್ಲಿ ಎರಡು ಪುಟ ಕಳಿಸಿ, 'ಹೇಗಿದೆ ಅಕ್ಕಾ?' ಎಂದು ಕೇಳಿದ್ದೆ. ನೋಡಿದ ಕೂಡಲೇ ಯಾರದೆಂದು ಗೊತ್ತಾಗಿತ್ತು. ಎಷ್ಟೋ ತಿಂಗಳ ಮೇಲೆ ನಿನ್ನ ಮಾತಿನಲ್ಲಿ ಗೆಲುವು ಕಂಡಿತ್ತು. 'ತುಂಬ ಚೆನ್ನಾಗಿದೆ' ಎಂದು ಬರೆದುಬಿಟ್ಟೆ. ಆ ಶನಿವಾರ ನಾನು ಹೊರಟಾಗ ಸುಮಿಯೆಯವರು ಬಾಗಿಲ ತನಕ ಬಂದು, "ನಿನಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದರೆ ನನಗೆ ನೀನಾದರೂ ಇದ್ದೀಯ" ಎಂದು ನನ್ನ ಕೈ ಹಿಡಿದುಕೊಂಡರು.