ಗೇಟಿನಲ್ಲಿ ನಿಲ್ಲಿಸಿದವರೇ ಗೈರುಹಾಜರಿ ಹಾಕಿದರೆ

ಅಂತರರಾಷ್ಟ್ರೀಯ ವಿದ್ಯಾರ್ಥಿ ವಿಭಾಗದ ಮಾನ್ಯ ನಿರ್ದೇಶಕರೇ,

ನೀವೇ ಕರೆಸಿ ಗೇಟಿನಲ್ಲಿ ನಿಲ್ಲಿಸಿದ ಹುಡುಗಿಯನ್ನು, ಅದೇ ಹೊತ್ತಿನ ಪರೀಕ್ಷೆಗೆ ಬರಲಿಲ್ಲವೆಂದು ನೀವೇ ಫೇಲು ಮಾಡಿದ್ದೀರಿ. ಇದು ಯಾವ ದೇಶದ ಶಿಕ್ಷಣ ಸ್ವಾಮೀ? ನಾನು ಮುಂಬಯಿಗೆ ಬಂದು ಗ್ರಾಂಟ್ ರೋಡಿನ ಹೋಟೆಲಿನಲ್ಲಿ ದುಡಿಯುತ್ತ ನೈಟ್ ಸ್ಕೂಲಿನಲ್ಲಿ ಏಳನೆಯವರೆಗೆ ಓದಿದವನು. ಮಿಕ್ಕಿದ್ದೆಲ್ಲ ಪೇಪರು ಓದಿ ಕಲಿತದ್ದು. ನಂಟರಿಗೆ ಕ್ಷೇಮಸಮಾಚಾರ ಬರೆದು ರೂಢಿಯಾದ ಕೈಗೆ ಇಂಥ ಪತ್ರ ಹೊಸತು. ನೀವು ಮೈಸೂರಿನ ಕಡೆಯವರು, ಇಲ್ಲಿನ ನಮ್ಮ ಕನ್ನಡ ಸಂಘದಲ್ಲಿ ಶಾಲು ಹೊದ್ದು ಅತಿಥಿಸತ್ಕಾರದ ಬಗ್ಗೆ ಭಾಷಣ ಮಾಡಿದವರು. ಹಾಗಾಗಿ ಕನ್ನಡದಲ್ಲೇ ಬೈಯುತ್ತೇನೆ.

ರೆಹೇಮಾ ತಾಂಜಾನಿಯಾದವಳು, ನಿಮ್ಮಲ್ಲಿ ಫಾರ್ಮಸಿ ಕೊನೆಯ ವರ್ಷ. ನಿಮ್ಮ 'ಜಾಗತಿಕ' ಹಾಸ್ಟೆಲಿನಲ್ಲಿ ಅವಳೊಬ್ಬಳಿಗೆ ಜಾಗವಿಲ್ಲದ್ದರಿಂದ ವಿಲೆ ಪಾರ್ಲೆಯ ನಮ್ಮ ಮನೆಯಲ್ಲಿದ್ದಾಳೆ. ನನ್ನ ಹೆಂಡತಿ ವಿನೋದಿನಿಯಿಂದ ನೀರ್‌ದೋಸೆ ಹೊಯ್ಯಲು ಕಲಿತಿದ್ದಾಳೆ. ಕಾಲೇಜಿಗೆ ಮಾನ್ಯತೆ ಕೊಡುವ ತಂಡ ಬಂದ ದಿನ, ಪ್ರಾಕ್ಟಿಕಲ್ ಪರೀಕ್ಷೆಗೆಂದು ಲ್ಯಾಬಿನ ಬಾಗಿಲಲ್ಲಿದ್ದವಳನ್ನು ನಿಮ್ಮ ಆಫೀಸಿನ ಮನೀಶ್ (ಅವನೂ ನಮ್ಮ ಕನ್ನಡದವನೇ, ಕಾಂದಿವಲಿಯಲ್ಲಿರುವವನು) ಎಳೆದೊಯ್ದ. ಅವಳ ದೇಶದ ಡ್ರೆಸ್ ಹಾಕಿ ಗೇಟಿನಲ್ಲಿ ಆರತಿ ತಟ್ಟೆ ಹಿಡಿಯಬೇಕಂತೆ. ಪ್ರಾಕ್ಟಿಕಲ್ ಆಮೇಲೆ ನೋಡಿಕೊಳ್ಳೋಣವಂತೆ! ಪರದೇಶದವರು ಸಾಲದೆ ಮಿಜೋರಾಮಿನ ಹುಡುಗಿಯೊಬ್ಬಳನ್ನು ಥೈಲ್ಯಾಂಡ್ ಬೋರ್ಡಿನ ಕೆಳಗೆ ನಿಲ್ಲಿಸಿದ್ದಿರಂತೆ. ಛೀ! ನಮ್ಮ ಹೋಟೆಲಿನಲ್ಲಿ ಇಡ್ಲಿ ಮುಗಿದರೆ ಮುಗಿಯಿತು ಅನ್ನುತ್ತಿದ್ದೆವು, ಬನ್ನು ಕೊಟ್ಟು ಇಡ್ಲಿ ಅನ್ನುತ್ತಿರಲಿಲ್ಲ.

ತಂಡ ತಡವಾಗಿ ಬಂತು. ಹುಡುಗಿ ಓಡಿ ತಲುಪುವಷ್ಟರಲ್ಲಿ ಲ್ಯಾಬಿಗೆ ಬೀಗ. ಮನೆಗೆ ಬಂದು, "ಮೈ ಸ್ಟೂಡೆಂಟ್ ನಹೀ ಅಜ್ಜಾ, ಡೆಕೋರೇಶನ್ ಹೂಂ" ಅಂದಳು. ತಾನು ವಿದ್ಯಾರ್ಥಿನಿಯಲ್ಲವಂತೆ, ಬರೀ ಅಲಂಕಾರವಂತೆ. ವಿನೋದಿನಿ ನಿಮ್ಮ ಆಫೀಸಿಗೇ ಹೋದಳು.

"ಆಬ್ಸೆಂಟ್ ಅಂದ್ರೆ ಆಬ್ಸೆಂಟ್, ಆಂಟಿ. ಮುಂದಿನ ವರ್ಷ ಬರೀಲಿ," ಅಂದ ಮನೀಶ್.

"ಮುಂದಿನ ವರ್ಷದ ಸ್ಕಾಲರ್‌ಶಿಪ್ ನಿನ್ನ ಮಾವ ಕೊಡ್ತಾನಾ ಮಾರಾಯಾ? ವೀಸಾ?"

"ಅದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ."

ಹಾಗಾದರೆ ನಿಮ್ಮ ಡಿಪಾರ್ಟ್‌ಮೆಂಟ್ ಯಾವುದು, ಆರತಿಯದ್ದೇ? ಅವಳು ಆ ಹೊತ್ತು ಎಲ್ಲಿದ್ದಳೆಂದು ಸಾಕ್ಷಿ ಬೇಕಿದ್ದರೆ ನಿಮ್ಮ ವೆಬ್‌ಸೈಟ್ ತೆರೆಯಿರಿ. ಮೊದಲ ಪುಟದಲ್ಲೇ ತಟ್ಟೆ ಹಿಡಿದು ನಿಂತಿದ್ದಾಳೆ, ಪಕ್ಕದಲ್ಲಿ ನೀವು ಹಲ್ಲು ಕಿರಿದಿದ್ದೀರಿ. ಪದವಿಯಿಲ್ಲದೆ ಆ ಮಗು ಯಾವ ಮುಖ ಹೊತ್ತು ತಾಯಿಯ ಎದುರು ನಿಲ್ಲಬೇಕು?

ಹೂಗುಚ್ಛ ಬೇಡ, ವಿಷಾದಪತ್ರ ಬೇಡ. ವೀಸಾ ಮುಗಿಯುವ ಮೊದಲು ಪ್ರಾಕ್ಟಿಕಲ್ ಮತ್ತೆ ನಡೆಸಿ. ನೀವು ಇವತ್ತಾದರೂ ಕರೆಯುತ್ತೀರೆಂದು ದಿನಾ ಬೆಳಗ್ಗೆ ಬಿಳಿ ಕೋಟಿಗೆ ಇಸ್ತ್ರಿ ಹಾಕಿ ಕೂರುತ್ತಾಳೆ. ನಿಮ್ಮಂಥವರ ಮೇಲೆ ಅವಳಿಗಿನ್ನೂ ನಂಬಿಕೆಯಿದೆ. ನಿಮ್ಮ ಬಗ್ಗೆ ನನಗೆ ಹೇಸಿಗೆಯಾಗುವುದು ಅದನ್ನು ನೋಡಿದಾಗಲೇ.

ಇಂತಿ,
ನಿಮ್ಮ ಅತಿಥಿಗೆ ಅನ್ನ ಹಾಕುತ್ತಿರುವ
ದೂಜ ಪೂಜಾರಿ, ವಿಲೆ ಪಾರ್ಲೆ