ಅಕ್ಕ ಬೆರಳು ತೋರಿಸಿದವನು

ಮಾರ್ಚ್ ೧೨, ಬುಧವಾರ

ಕಳ್ಳತನದ ಆರೋಪಿಗಳಿಗೆ ಜಾಮೀನೇ ಸಿಗದಂತೆ ಮಾಡುವ ಹೊಸ ಮಸೂದೆಯ ವಿರುದ್ಧ ನಾವು ವಕೀಲರೆಲ್ಲ ಇಂದು ಕೋರ್ಟಿನ ಮೆಟ್ಟಿಲ ಮೇಲೆ ಕೂತೆವು. ಹೋದ ವಾರ ಬೀದಿಯಲ್ಲಿ ಸರಗಳ್ಳನಿಂದ ಸರ ಕಳೆದುಕೊಂಡ ಅಕ್ಕ ಬೆಳಗ್ಗೆಯೇ ರೇಗಿದ್ದಳು: "ಕಳ್ಳರ ಪರ ಕೂಗೋಕೆ ನಾಚಿಕೆ ಆಗಲ್ವಾ? ಅವನ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ."

ಮಧ್ಯಾಹ್ನ ಕಳ್ಳನನ್ನು ಗುರುತಿಸಲು ಪೊಲೀಸರು ಅವಳನ್ನು ಕೋರ್ಟಿನ ಪಕ್ಕದ ಠಾಣೆಗೆ ಕರೆಸಿದ್ದರು. ಸಂಜೆ ಕೋರ್ಟಿನ ಕ್ಯಾಂಟೀನಿನವನು ಚಹಾ ಇಡುತ್ತಾ ನಕ್ಕ. "ಮೇಡಂ, ಆರೋಪಿ ಜೊತೆ ಸಾಲಲ್ಲಿ ನಿಲ್ಲೋಕೆ ಜನ ಸಾಲ್ದು ಅಂತ ನನ್ನನ್ನೂ ನಿಲ್ಲಿಸಿದ್ರು. ಅದಕ್ಕೆ ಸ್ವಲ್ಪ ಮುಂಚೆ ಇಲ್ಲೇ ಚಹಾ ಕುಡಿದು ಹೋಗಿದ್ರಲ್ಲ ನಿಮ್ಮಕ್ಕ, ಸೀದಾ ಬಂದು ನನ್ನನ್ನೇ ತೋರಿಸಿಬಿಟ್ರು!"

ನಾನೂ ನಕ್ಕೆ. ಮನೆಗೆ ಬಂದು ಹೇಳಿದರೆ ಅಕ್ಕ, "ಅವನೇ ಕಣೇ, ಬೇಕಾದ್ರೆ ಆಣೆ ಮಾಡ್ತೀನಿ" ಎಂದಳು. ಇಷ್ಟೊಂದು ಖಾತ್ರಿ ಮನುಷ್ಯರಿಗೆ ಎಲ್ಲಿಂದ ಬರುತ್ತದೋ!

ಅಕ್ಕನ ಸರ ಹೋದ ಹೊತ್ತಿಗೆ ಆ ಕ್ಯಾಂಟೀನಿನವನು ನನಗೇ ಚಹಾ ಕೊಡುತ್ತಿದ್ದ.

ಕೊಡುತ್ತಿದ್ದನಲ್ಲವೇ?