ಛಲೋ ಕಾಲಿಗೆ ಪಟ್ಟಿ

ಅಕ್ಕಾ,

ಅಳವಂಡಿಗೆ ಕಬಡ್ಡಿ ಆಡಲು ಹೊರಟೆ. ನೀನು ಹೊಲದಿಂದ ಬರುವತನಕ ಕಾದಿದ್ದರೆ ಹೋಗುವ ಧೈರ್ಯವೇ ಉಳಿಯುತ್ತಿರಲಿಲ್ಲ.

ಬಲಗಾಲಿನ ಹರಡಿನ ಎಲುಬಿಗೆ ಆಪರೇಶನ್ ಆಗಿ ಹನ್ನೊಂದು ತಿಂಗಳಾಯಿತು. "ಎಲುಬು ಕೂಡೈತಿ, ಇನ್ನ ಆಡಪಾ" ಎಂದು ಹುಬ್ಬಳ್ಳಿ ಡಾಕ್ಟರು ಹೇಳಿದರೂ ಅಂಜಿಕೆ ಹೋಗಿಲ್ಲ. ರೊಟ್ಟಿ ತಿಂದಿಲ್ಲ, ಬುಟ್ಟಿಯಲ್ಲೇ ಇದೆ, ಬೈಯಬೇಡ.

ಎದುರಿನವರಿಗೆ ನನ್ನ ಕಾಲು ಕೊಯ್ದ ಸುದ್ದಿ ಗೊತ್ತು, ಯಾವ ಕಾಲೆಂದು ಗೊತ್ತಿಲ್ಲ. ಪಟ್ಟಿ ಕಂಡ ಕಾಲಿಗೇ ಕೈ ಹಾಕುತ್ತಾರೆ. ನಮ್ಮ ತಂಡದ ಗ್ಯಾನಪ್ಪ, "ಛಲೋ ಕಾಲಿಗೆ ಪಟ್ಟಿ ಸುತ್ತಲೇ, ಅದನ್ನ ಹಿಡಕೊಂಡು ಸಾಯ್ಲಿ" ಎಂದ. ಎಡಗಾಲಿಗೆ ಸುತ್ತಿದ್ದೇನೆ. ಬಲಗಾಲಿನ ಹೊಲಿಗೆ ಗುರುತಿಗೆ ಮಣ್ಣು ಮೆತ್ತಿದ್ದೇನೆ.

ಅವ್ವ ಕೇಳಿದರೆ ಕಿನ್ನಾಳಕ್ಕೆ ಹೋಗ್ಯಾನ ಅನ್ನು. ಉಪ್ಪಿನ ಗಂಟು ಒಲೆಯ ಹತ್ತಿರ ತೆಗೆದಿಡು, ಸಂಜೆ ಕಾವು ಕೊಡಬೇಕಾದೀತು.

ನೀನು ಮೂರು ಗಂಟೆಯ ಬಸ್ಸಿಗೆ ಬಂದೇ ಬರುತ್ತೀ. ಬಾ, ನೀನು ಕಣ್ಣಿಗೆ ಬಿದ್ದರೆ ಧೈರ್ಯ. ಆದರೆ ಮನೆಯಲ್ಲಿ ದಿನಾ ಅನ್ನುವಂತೆ "ಬಲಗಾಲು ಜ್ವಾಕಿ, ತಮ್ಮಾ" ಎಂದು ಅಲ್ಲಿ ಕೂಗಬೇಡ. ಬಾಯಿ ತಡೆಯದಿದ್ದರೆ ಎಡಗಾಲು ಅಂತ ಕೂಗು.

ಓಬಳೆಪ್ಪ